ಉಳಿದ ಮೂರು ಅಂಕಿ

ಊರಿನ ಅರ್ಧ ಹುಡುಗರ ಮೈಮೇಲೆ ಗಂಗರಾಜುವಿನ ಕೈಬರಹ ಇದೆ ಎಂದರೆ ಸುಳ್ಳಲ್ಲ. ಚಿಂತಾಮಣಿಯ ರಾಗಿ ಮಿಷನ್ ಪಕ್ಕದ ಆ ಸಣ್ಣ ಟ್ಯಾಟೂ ಅಂಗಡಿಯಲ್ಲಿ ಅವನು ಕುತ್ತಿಗೆಗೆ ತ್ರಿಶೂಲ ಬರೆದಿದ್ದಾನೆ, ತೋಳಿಗೆ ಅಪ್ಪಂದಿರ ಹೆಸರು, ಎದೆಗೆ ಬಾಬಾಸಾಹೇಬರ ಮುಖ, ಮಣಿಕಟ್ಟಿಗೆ ಪ್ರೀತಿಸಿದವಳ ಹೆಸರು ಬರೆದಿದ್ದಾನೆ. ಆರು ತಿಂಗಳಾದ ಮೇಲೆ ಆ ಹೆಸರು ಮುಚ್ಚಿಹೋಗುವ ಹಾಗೆ ಗುಲಾಬಿ ಹೂವನ್ನೂ ಅವನೇ ಬರೆದುಕೊಟ್ಟಿದ್ದಾನೆ. ಇಷ್ಟೆಲ್ಲ ಬರೆದವನಿಗೆ ಹೆತ್ತ ತಾಯಿಯ ಕೈಮೇಲೆ ಹತ್ತು ಅಂಕಿ ಪೂರ್ತಿ ಬರೆಯಲು ಆಗಲಿಲ್ಲ. ನಡೆದದ್ದು ಅಷ್ಟೇ, ಆದರೆ ಅದು ಹೇಗಾಯಿತು ಎಂದು ಹೇಳದಿದ್ದರೆ ಯಾರೂ ನಂಬುವುದಿಲ್ಲ.

ತಾಯಿ ಗಂಗುಲಮ್ಮನಿಗೆ ಮರೆವಿನ ಕಾಯಿಲೆ. ಮೊದಮೊದಲು ಒಲೆಯ ಮೇಲಿಟ್ಟ ಸಾರು ಮರೆತಳು, ಆಮೇಲೆ ಸೊಸೆಯ ಹೆಸರು ಮರೆತಳು, ಅದಾದಮೇಲೆ ಮನೆಯನ್ನೇ ಮರೆತಳು. ಮರೆತವಳು ಸುಮ್ಮನೆ ಕೂತರೆ ಒಂದು ಪುಣ್ಯ. ಅವಳಿಗೆ ದಿನಾ ಅಂಬಾಜಿದುರ್ಗದ ತಪ್ಪಲಿನ ತವರಿಗೆ ಹೋಗಬೇಕು. ಅಲ್ಲಿ ಅವಳ ಅಮ್ಮ ಕಾಯುತ್ತಿದ್ದಾಳೆ, ಹೊತ್ತು ಮುಳುಗುವುದರೊಳಗೆ ಹೋಗದಿದ್ದರೆ ಬೈಯುತ್ತಾಳೆ. ಆ ಅಮ್ಮ ತೀರಿಹೋಗಿ ಎಷ್ಟು ಕಾಲವಾಯಿತೆಂದು ಗಂಗರಾಜುವಿಗೂ ಲೆಕ್ಕವಿಲ್ಲ.

ಹೋದ ಬೇಸಿಗೆಯಲ್ಲಿ ಅವಳು ಯಾವುದೋ ಬಸ್ಸು ಹತ್ತಿ, ಯಾವುದೋ ಊರಿನಲ್ಲಿ ಇಳಿದು, ಮಾರನೆಯ ದಿನ ಗೌರಿಬಿದನೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಿದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಯಾರೋ ಕೊಡಿಸಿದ ಬನ್ನು ತಿನ್ನುತ್ತಾ ಆರಾಮಾಗಿ ಕೂತಿದ್ದಳು. ಆ ಒಂದು ಹಗಲು ಒಂದು ರಾತ್ರಿ ಗಂಗರಾಜು ಪಟ್ಟ ಪಾಡು ಅವನಿಗೇ ಗೊತ್ತು. ಆಂಧ್ರದ ಹಿಂದೂಪುರದ ರೈಲು ಹತ್ತಿಬಿಟ್ಟಿದ್ದರೆ ಎಂದು ನೆನೆದು ಈಗಲೂ ಅವನು ನಡುರಾತ್ರಿ ಎದ್ದು, ತಾಯಿ ಮಲಗಿದ್ದಾಳೋ ಇಲ್ಲವೋ ಎಂದು ನೋಡಿ ಬರುತ್ತಾನೆ.

ಅಲ್ಲಿಂದ ಅವನೂ ಹೆಂಡತಿ ಕವಿತಳೂ ಮಾಡದ ಉಪಾಯವಿಲ್ಲ. ಫೋನ್ ನಂಬರ್ ಕೊರೆಸಿದ ಬೆಳ್ಳಿ ಬಳೆ ತೊಡಿಸಿದರು. ಅದನ್ನು ಬೀದಿಯ ಯಾವುದೋ ಮಗುವಿನ ಕೈಗೆ ಹಾಕಿ ಮುದ್ದಾಡಿ ಬಂದಳು. ಚೀಟಿ ಬರೆದು ಸೆರಗಿಗೆ ಪಿನ್ನು ಹಾಕಿದರು. ಅದನ್ನು ಬಿಚ್ಚಿ ಎಲೆಯಡಿಕೆ ಸುತ್ತಿಟ್ಟಳು. ಕೊರಳಿಗೆ ಸಣ್ಣ ಫೋನು ಕಟ್ಟಿದರು. ಅದು ಅರಳಿಕಟ್ಟೆಯ ಮೇಲೆ ಸಿಕ್ಕಿತು, ಅವಳು ಸಿಗಲಿಲ್ಲ. ಪುಣ್ಯಕ್ಕೆ ಆ ಸಲ ಪಕ್ಕದ ಬೀದಿಯಲ್ಲೇ ಇದ್ದಳು.

"ರೀ, ಕೈಗೆ ಹಾಕಿದ್ದೆಲ್ಲ ಕಳೀತಾರೆ. ಕೈಮೇಲೇನೇ ಬರೆದುಬಿಡಿ. ನಿಮ್ಮ ಕೈಯಲ್ಲಿ ವಿದ್ಯೆ ಐತಲ್ಲ," ಎಂದಳು ಕವಿತ.

ಗಂಗರಾಜು ತಕ್ಷಣ ಒಪ್ಪಲಿಲ್ಲ. ತಾಯಿಯ ಮೈಗೆ ಸೂಜಿ ಚುಚ್ಚುವುದು ಅವನ ಮನಸ್ಸಿಗೆ ಬರುತ್ತಿರಲಿಲ್ಲ. ಆದರೆ ಗಂಗುಲಮ್ಮನ ಬಲಗೈಯೇ ಅವನನ್ನು ಒಪ್ಪಿಸಿತು. ಆ ಕೈತುಂಬ ಹಳೆಯ ಹಚ್ಚೆ ಇತ್ತು. ತುಳಸಿಕಟ್ಟೆ, ಚೇಳು, ಸಾಲು ಚುಕ್ಕಿ, ಎಲ್ಲವೂ ಹಸಿರು ತಿರುಗಿ ಸುಕ್ಕಿನೊಳಗೆ ಕೂತಿದ್ದವು. ಎಲ್ಲ ಮರೆತ ಅವಳಿಗೆ ಆ ಹಚ್ಚೆ ಹಾಕಿಸಿಕೊಂಡ ದಿನ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿತ್ತು. ಹಚ್ಚೆಯವಳು ಬುಟ್ಟಿ ಇಳಿಸಿದ್ದು, ಅಣ್ಣ ಭುಜ ಹಿಡಿದುಕೊಂಡಿದ್ದು, ತಾನು ಅಳದೇ ಇದ್ದದ್ದು, ಕೊನೆಗೆ ಅಮ್ಮ ಎಣ್ಣೆ ಅರಿಶಿನ ಸವರಿದ್ದು, ಹಚ್ಚೆಯವಳಿಗೆ ಮೊರದ ತುಂಬ ಅಕ್ಕಿ, ಮೇಲೊಂದು ಅಚ್ಚು ಬೆಲ್ಲ ಕೊಟ್ಟಿದ್ದು. ದಿನಕ್ಕೊಂದು ಸಲವಾದರೂ ಅದನ್ನು ಹೇಳುತ್ತಿದ್ದಳು, ಒಂದು ಮಾತೂ ಆಚೀಚೆ ಆಗದ ಹಾಗೆ.

"ಎಡಗೈ ಬೋಳಾಗೈತೆ ಅತ್ತೆ, ಅದಕ್ಕೂ ಹಚ್ಚೆ ಹಾಕಿಸಣ್ವ?" ಎಂದು ಕವಿತ ಕೇಳಿದ್ದಕ್ಕೆ ಮುದುಕಿಯ ಮುಖ ಅರಳಿತು.

ಮಂಗಳವಾರ ಇಟ್ಟುಕೊಂಡರು. ಆ ದಿನ ಸೂಜಿ ಚುಚ್ಚಿಸಿಕೊಳ್ಳಲು ಗಿರಾಕಿಗಳು ಬರುವುದಿಲ್ಲ. ಗಂಗುಲಮ್ಮ ತಲೆ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆಯೇ ಬೇಕೆಂದು ಹಟ ಹಿಡಿದು ಉಟ್ಟುಕೊಂಡು, ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಯ ಒರಗು ಕುರ್ಚಿಯಲ್ಲಿ ಮದುಮಗಳ ಹಾಗೆ ಕೂತಳು. ಗಂಗರಾಜು ಅವಳ ಎಡಗೈ ಒರೆಸಿ, ಅಚ್ಚಿನ ಕಾಗದದ ಮೇಲೆ ಬರೆದಿಟ್ಟಿದ್ದ ತನ್ನ ನಂಬರನ್ನು ಮೊಣಕೈ ಕೆಳಗೆ ಒತ್ತಿದ. ಹತ್ತು ಅಂಕಿ ನೇರಳೆ ಬಣ್ಣದಲ್ಲಿ ಸಾಲಾಗಿ ಮೂಡಿದವು. ಅಂಕಿಗಳನ್ನು ಇಂಗ್ಲಿಷಿನಲ್ಲೇ ದಪ್ಪಗೆ ಹಾಕಿದ್ದ. ಆಂಧ್ರದ ಕಡೆ ಹೋದರೂ ಓದುವವರು ಸಿಗಬೇಕಲ್ಲ.

ಮಿಷನ್ನು ಎಂದರೆ ದಪ್ಪ ಪೆನ್ನಿನಂಥದು. ಒಳಗೊಂದು ಪುಟ್ಟ ಮೋಟಾರು ತಿರುಗಿದರೆ ತುದಿಯ ಸೂಜಿ ಮೇಲೆ ಕೆಳಗೆ ಆಡುತ್ತದೆ. ಮೇಜಿನ ಮೇಲಿನ ಚಿಕ್ಕ ಡಬ್ಬಿಯೊಂದು ಗೋಡೆಯ ಕರೆಂಟನ್ನು ಸಣ್ಣದು ಮಾಡಿ, ವೈರಿನ ಮೂಲಕ ಆ ಮೋಟಾರಿಗೆ ಉಣಿಸುತ್ತದೆ. ಎಷ್ಟು ವೋಲ್ಟು ಹೋಗುತ್ತಿದೆ ಎಂದು ಡಬ್ಬಿಯ ಮೇಲೆ ಕೆಂಪು ಅಂಕಿ ತೋರಿಸುತ್ತದೆ. ಕಾಲಡಿಯ ಪೆಡಲು ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಗಂಗರಾಜು ಪೆಡಲು ಒತ್ತಿದ, ಗುಂಯ್ ಎಂದಿತು. ಸೂಜಿ ತಾಗಿದಾಗ ಗಂಗುಲಮ್ಮ ಕಣ್ಣು ಮುಚ್ಚಿಕೊಂಡಳೇ ಹೊರತು ಕೈ ಅಲುಗಿಸಲಿಲ್ಲ.

"ನಿಮ್ದು ಯಾವೂರಮ್ಮ?" ಎಂದು ಸ್ವಲ್ಪ ಹೊತ್ತಿನ ಮೇಲೆ ಮಗನನ್ನು ಕೇಳಿದಳು. ಅವಳ ಲೆಕ್ಕದಲ್ಲಿ ಎದುರಿಗೆ ಕೂತಿದ್ದದ್ದು ಹಚ್ಚೆಯವಳು.

"ಇದೇ ಊರಮ್ಮ," ಎಂದ ಗಂಗರಾಜು.

ಅಂಕಿಯ ಮೇಲೆ ಅಂಕಿ ಚೆನ್ನಾಗಿಯೇ ಕೂತಿತು. ವಯಸ್ಸಾದ ತೊಗಲು ಸೂಕ್ಷ್ಮ, ಆಳಕ್ಕೆ ಇಳಿದರೆ ಮಸಿ ಹರಡುತ್ತದೆ ಎಂದು ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದ. ಏಳನೆಯದು ಮುಗಿಯಿತು. ಎಂಟನೆಯದಕ್ಕೆ ಸೂಜಿ ಇಳಿಸಬೇಕು, ಮೋಟಾರು ಕೆಮ್ಮಿತು. ಸದ್ದು ಇಳಿಯಿತು, ಏರಿತು, ಮತ್ತೆ ಇಳಿದು ನಿಂತೇಹೋಯಿತು. ಡಬ್ಬಿಯ ಮೇಲೆ ಎಂಟು ಎಂದಿದ್ದ ಕೆಂಪು ಅಂಕಿ ಮೂರಕ್ಕೆ ಬಿದ್ದು, ಆರಿ, ಪುನಃ ಹತ್ತಿ, ಪುನಃ ಆರಿತು.

ಇಲ್ಲಿ ಗಂಗರಾಜುವಿನ ಇನ್ನೊಂದು ಗುಣ ಹೇಳಬೇಕು. ಈ ಅಂಗಡಿ ಇಡುವ ಮೊದಲು ಅವನು ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ. ಕರೆಂಟಿನ ಯಾವ ರೋಗವೂ ತನ್ನಿಂದ ತಪ್ಪಿಸಿಕೊಳ್ಳಲಾರದು ಎಂಬ ಹಮ್ಮು ಅವನ ತಲೆಯೊಳಗೆ ಬೆಚ್ಚಗೆ ಕೂತಿತ್ತು. ಕೆಟ್ಟಿದ್ದನ್ನು ಕಂಡರೆ ಅವನಿಗೆ ಲೋಕವೇ ಮರೆತುಹೋಗುತ್ತದೆ. ಆವತ್ತು ಮರೆಯಬಾರದಾಗಿತ್ತು.

ಪೆಡಲಿನ ಮೇಲೆ ಅನುಮಾನ ಬಂತು. ಅದನ್ನು ಕಿತ್ತು, ಡಬ್ಬಿಯ ಗುಂಡಿ ಒತ್ತಿ, ಪೆಡಲಿಲ್ಲದೆಯೇ ಓಡುವ ಹಾಗೆ ಮಾಡಿದ. ಓಡಿತು, ಕೆಮ್ಮಿತು, ನಿಂತಿತು. ಪೆಡಲಿನ ತಪ್ಪಲ್ಲ. ಸೂಜಿ ಸಿಕ್ಕಿಹಾಕಿಕೊಂಡಿರಬಹುದೇ ಎಂದು ಸೂಜಿ ತೆಗೆದು ಬರೀ ಮೋಟಾರು ಬಿಟ್ಟು ನೋಡಿದ. ಅದೇ ಕೆಮ್ಮು. ಮಿಷನ್ನಿಗೆ ಹೋಗುವ ವೈರು ಹಳೆಯದು, ದಿನಾ ಸುತ್ತಿ ಬಿಚ್ಚಿ ಒಳಗೆ ಎಳೆ ಕಡಿದಿರುತ್ತದೆ ಎಂದು ಡ್ರಾಯರಿನಿಂದ ಹೊಸ ವೈರು ತೆಗೆದು ಸಿಕ್ಕಿಸಿದ. ಒಂದು ಕ್ಷಣ ಗುಂಯ್ ಎಂದು ಆಸೆ ಹುಟ್ಟಿಸಿ ಅದೂ ಕೈಕೊಟ್ಟಿತು.

"ಏನಾಯ್ತು?" ಎಂದು ಕವಿತ ಬಾಗಿಲಲ್ಲಿ ನಿಂತಳು.

"ಏನಿಲ್ಲ ಕಣೇ, ಕರೆಂಟು ಆಟ ಆಡ್ತೈತೆ. ಅಮ್ಮನ್ನ ಮಾತಾಡಿಸ್ತಿರು, ಈಗ ಬಂದೆ."

ಪಕ್ಕದ ರಾಗಿ ಮಿಷನ್ನು ಓಡುತ್ತಿತ್ತು. ಆ ದೊಡ್ಡ ಮೋಟಾರು ಶುರುವಾದರೆ ಈ ಸಾಲಿನ ಬಲ್ಬುಗಳೆಲ್ಲ ಮಂಕಾಗುವುದು ಎಲ್ಲರಿಗೂ ಗೊತ್ತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಗಂಗರಾಜು ಓಡಿಹೋಗಿ ಮಾಲೀಕ ಕೋನಪ್ಪನನ್ನು ಕೇಳಿಕೊಂಡ. ಕೋನಪ್ಪ ಒಳ್ಳೆಯ ಮನುಷ್ಯ. ಸಾಲು ನಿಂತಿದ್ದ ಹೆಂಗಸರು ಗೊಣಗಿದರೂ ಕೇಳದೆ ಸ್ವಿಚ್ಚು ಆರಿಸಿದ. ಬೀದಿಯೇ ಸುಮ್ಮನಾಯಿತು. ಗಂಗರಾಜು ಬಂದು ನೋಡಿದರೆ ಡಬ್ಬಿಯ ಕೆಂಪು ಅಂಕಿ ಹಾಗೆಯೇ ಬೀಳುತ್ತಾ ಏಳುತ್ತಾ ಅವನನ್ನೇ ಅಣಕಿಸುತ್ತಿತ್ತು. ಮೀಟರು ತಂದು ಗೋಡೆಯ ಪ್ಲಗ್ಗಿಗೆ ಚುಚ್ಚಿದ. ಕರೆಂಟು ಸರಿಯಾಗಿಯೇ ಬರುತ್ತಿತ್ತು. ರೋಗ ಇರುವುದು ಡಬ್ಬಿಯೊಳಗೇ.

"ರೀ, ಅತ್ತೆ ಕೈ ಉರೀತೈತೆ ಅಂತಾವ್ರೆ," ಎಂದಳು ಕವಿತ.

"ಒಂದು ಹತ್ತು ನಿಮಿಷ ಕಣೇ. ಇಲ್ಲೇ ಎಲ್ಲೋ ಐತೆ," ಎಂದು ಅವನು ಡಬ್ಬಿ ಎತ್ತಿಕೊಂಡು, ತಲೆ ಎತ್ತದೆ, ಬೆಳಕಿಗಾಗಿ ಕಿಟಕಿಯ ಬಳಿ ನೆಲದ ಮೇಲೆ ಕೂತು ಸ್ಕ್ರೂ ಬಿಚ್ಚತೊಡಗಿದ.

ಕವಿತಳ ತಪ್ಪು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಮುದುಕಿ ಉರಿಯುವ ಕೈಗೆ ಉಫ್ ಉಫ್ ಎಂದು ಊದುತ್ತಾ, "ಅರಿಶಿನ ತಾಮ್ಮಾ, ಅರಿಶಿನ ಹಚ್ಚಮ್ಮಾ," ಎಂದು ಮಗುವಿನ ಹಾಗೆ ಕೇಳುತ್ತಿದ್ದಳು. ಕೇಳಿದ್ದನ್ನು ಕೊಡುವುದೇ ಆ ಮನೆಯಲ್ಲಿ ಅಭ್ಯಾಸವಾಗಿತ್ತು, ಇಲ್ಲವೆಂದರೆ ರಂಪ. ಕವಿತ ಅಡಿಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಅರಿಶಿನ ಕಲಸಿ ತಂದು, ಅತ್ತೆಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಮೆತ್ತಗೆ ಸವರಿದಳು. ಗಂಗುಲಮ್ಮನಿಗೆ ತಂಪಾಯಿತು. ಸೊಸೆಯ ತಲೆ ಮುಟ್ಟಿ ಹರಸಿದಳು.

ಅದೇ ಹೊತ್ತಿಗೆ ಕಿಟಕಿಯ ಬಳಿ ಗಂಗರಾಜುವಿಗೆ ರೋಗ ಸಿಕ್ಕಿತು. ಗೋಡೆಯಿಂದ ಬರುವ ವೈರು ಡಬ್ಬಿಗೆ ಸೇರುವ ತೂತಿನ ಹಿಂದೆ ಬೆಸುಗೆ ಬಿರುಕುಬಿಟ್ಟಿತ್ತು. ಕೂದಲೆಳೆಯಷ್ಟೇ ಬಿರುಕು. ವೈರನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದರೆ ಸೇರುತ್ತಿತ್ತು, ಬಿಟ್ಟರೆ ಅಗಲುತ್ತಿತ್ತು. ಬೆಸುಗೆ ಹಾಕುವ ಅಗತ್ಯವೂ ಇರಲಿಲ್ಲ. ಪಕ್ಕಕ್ಕೆ ಎಳೆದು ಟೇಪು ಸುತ್ತಿದ. ಕೆಂಪು ಅಂಕಿ ಎಂಟರಲ್ಲಿ ಕಲ್ಲಿನ ಹಾಗೆ ನಿಂತಿತು. ಗುಂಯ್ ಎಂದು ಒಂದೇ ಸಮನೆ ಹಾಡುವ ಮಿಷನ್ನನ್ನು ಹಿಡಿದು, "ಸಿಕ್ತು ಕಣೇ," ಎಂದು ಗೆದ್ದವನ ಹಾಗೆ ಎದ್ದು ತಿರುಗಿದ.

ತಾಯಿಯ ಕೈ ಹೊಂಬಣ್ಣವಾಗಿತ್ತು. ಎಣ್ಣೆ ತಾಗಿ, ಇನ್ನೂ ಸೂಜಿ ಕಾಣದ ಮೂರು ನೇರಳೆ ಅಂಕಿಗಳು ಕರಗಿ ಹರಿದುಹೋಗಿದ್ದವು. ಚುಚ್ಚಿದ ಏಳು ಮಾತ್ರ ಕಪ್ಪಗೆ ಉಳಿದಿದ್ದವು.

"ಅಮ್ಮ, ಕೈ ಕೊಡು. ಇನ್ನ ಮೂರೇ ಮೂರು," ಎಂದ ಗಂಗರಾಜು.

"ಅಯಿಪೋಯಿಂದಿ ಕದಾ," ಎಂದು ಗಂಗುಲಮ್ಮ ನಕ್ಕಳು. ತವರಿನ ಮಾತು ಬಂದಾಗಲೆಲ್ಲ ಅವಳಿಗೆ ತೆಲುಗೇ ಬರುತ್ತಿತ್ತು. "ಮುಗೀತಲ್ಲಮ್ಮ. ಅರಿಶಿನ ಬಿದ್ಮೇಲೆ ಇನ್ನೇನು ಸೂಜಿ? ಯಾರಾದ್ರೂ ಚುಚ್ತಾರಾ?"

ಅವಳು ಎದ್ದು ಒಳಗೆ ಹೋದಳು. ಹಿಂತಿರುಗಿದಾಗ ಕೈಯಲ್ಲಿ ಮೊರವಿತ್ತು, ಮೊರದಲ್ಲಿ ಅಕ್ಕಿ, ಅಕ್ಕಿಯ ಮೇಲೆ ಬೆಲ್ಲ. ಯಾವ ಡಬ್ಬಿಯಲ್ಲಿ ಏನಿದೆ ಎಂದು ತಿಂಗಳುಗಳಿಂದ ಮರೆತಿದ್ದವಳು ಅವೆರಡನ್ನೂ ಹೇಗೆ ಹುಡುಕಿದಳೋ. ಮೊರವನ್ನು ಮಗನ ಮುಂದೆ ಹಿಡಿದು, "ಚೆನ್ನಾಗಿ ಹಾಕಿದ್ಯಮ್ಮ. ಹೋಗ್ಬಾ," ಎಂದು ಬೀಳ್ಕೊಟ್ಟಳು. ಗಂಗರಾಜು ಒಂದು ಕೈಯಲ್ಲಿ ಓಡುತ್ತಿರುವ ಮಿಷನ್ನು, ಇನ್ನೊಂದು ಕೈಯಲ್ಲಿ ಮೊರ ಹಿಡಿದು ನಿಂತ. ಅಳಬೇಕೋ ಹೆಂಡತಿಯನ್ನು ಬೈಯಬೇಕೋ ಅವನಿಗೆ ತಿಳಿಯಲಿಲ್ಲ. ಆಗಲೇ ಅವನಿಗೆ ಹೊಳೆದದ್ದು, ಮಿಷನ್ನು ಕೆಟ್ಟ ಆ ಗಳಿಗೆಯಲ್ಲಿ ಸೂಜಿಯನ್ನು ಕೈಯಲ್ಲೇ ಹಿಡಿದು ಮೂರು ಅಂಕಿ ಚುಚ್ಚಿ ಮುಗಿಸಬಹುದಿತ್ತು ಎಂದು. ಅವಳ ಬಲಗೈಯ ತುಳಸಿಕಟ್ಟೆಯನ್ನು ಹಾಕಿದವಳಿಗೆ ಯಾವ ಕರೆಂಟಿತ್ತು?

ಕವಿತ ಗೋಡೆಗೆ ಒರಗಿಬಿಟ್ಟಳು. "ನಾನು ಕೆಟ್ಟ ಕೆಲಸ ಮಾಡ್ಬಿಟ್ನಾ?" ಎಂದಳು. ಅವನು ಮೊರವನ್ನು ಅವಳ ಕೈಗೆ ಕೊಟ್ಟು ಮಿಷನ್ನು ಆರಿಸಿದ.

ಪ್ರಯತ್ನ ಬಿಟ್ಟರು ಎಂದಲ್ಲ. ಮಾರನೆಯ ದಿನ ಕೇಳಿದರು, ವಾರ ಬಿಟ್ಟು ಕೇಳಿದರು. ಇಡೀ ಲೋಕವನ್ನು ಮರೆಯುವ ಹೆಂಗಸು ಇದೊಂದನ್ನು ಮರೆಯಲಿಲ್ಲ. ಹಚ್ಚೆ ಮುಗಿದಿದೆ, ಅರಿಶಿನ ಆಗಿದೆ, ಅಕ್ಕಿ ಕೊಟ್ಟಾಗಿದೆ. ಕೊನೆಗೆ ಗಂಗರಾಜು ಚಿಕ್ಕಬಳ್ಳಾಪುರದ ಗೆಳೆಯ ಭಾನುಪ್ರಕಾಶನಿಂದ ಬ್ಯಾಟರಿಯ ಮಿಷನ್ನು ಎರವಲು ತಂದ. ಅದಕ್ಕೆ ವೈರಿಲ್ಲ, ಡಬ್ಬಿಯಿಲ್ಲ, ಸದ್ದೂ ಕಡಿಮೆ. ಮಧ್ಯಾಹ್ನ ಉಂಡು ಮಲಗಿದ್ದ ತಾಯಿಯ ಪಕ್ಕ ಕಳ್ಳನ ಹಾಗೆ ಕೂತು, ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಸೂಜಿ ತಾಗಿಸಿದ. ಅವಳು ಚಿಟ್ಟನೆ ಚೀರಿ ಎದ್ದಳು. ಎದುರಿಗಿದ್ದವನು ಯಾರೆಂದು ತಿಳಿಯದೆ ಗೋಡೆಯ ಮೂಲೆಗೆ ಸರಿದು, ಎರಡೂ ಕೈ ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ಸತ್ತುಹೋದ ತನ್ನ ಅಮ್ಮನನ್ನು ಕೂಗಿ ಕರೆದಳು. ರಾಗಿ ಮಿಷನ್ನಿನಿಂದ ಕೋನಪ್ಪನೂ ಹೆಂಗಸರೂ ಓಡಿಬಂದರು. ಕೋನಪ್ಪ ಮಿಷನ್ನನ್ನೂ ಗಂಗರಾಜುವಿನ ಮುಖವನ್ನೂ ನೋಡಿ, "ಬಿಡಪ್ಪಾ, ಹೋಗ್ಲಿ," ಎಂದಷ್ಟೇ ಹೇಳಿ ಹೊರಟುಹೋದ. ಗಂಗರಾಜು ಆ ಮಿಷನ್ನನ್ನು ಅಂದೇ ಸಂಜೆ ಚಿಕ್ಕಬಳ್ಳಾಪುರದ ಬಸ್ಸಿಗೆ ಹಾಕಿ ಕಳಿಸಿದ. ತಾಯಿಯ ಮೈಗೆ ಇನ್ನು ಸೂಜಿ ಮುಟ್ಟಿಸುವುದಿಲ್ಲ ಎಂದುಕೊಂಡ.

ಆಮೇಲೆ ಉಳಿದದ್ದು ಪೆನ್ನು. ದಿನಾ ಬೆಳಿಗ್ಗೆ ಕಾಫಿ ಕೊಟ್ಟು, ಏಳು ಅಂಕಿಯ ಪಕ್ಕದಲ್ಲಿ ಉಳಿದ ಮೂರನ್ನು ಮಾರ್ಕರ್ ಪೆನ್ನಿನಲ್ಲಿ ಬರೆಯುತ್ತಿದ್ದ. ಪೆನ್ನಿಗೆ ಅವಳ ತಕರಾರಿಲ್ಲ, ಕಚಗುಳಿಯಾಗುತ್ತದೆ ಎಂದು ನಗುತ್ತಿದ್ದಳು. ಆದರೆ ಅವಳಿಗೆ ನೀರು ಕಂಡರೆ ಪಾತ್ರೆ ತಿಕ್ಕುವ ಚಟ. ತೊಳೆದದ್ದನ್ನೇ ತೊಳೆದು, ಮಧ್ಯಾಹ್ನದ ಹೊತ್ತಿಗೆ ಕೈ ಸ್ವಚ್ಛವಾಗಿರುತ್ತಿತ್ತು. ಸಂಜೆ ಪುನಃ ಬರೆಯುತ್ತಿದ್ದ. ಎಷ್ಟು ಹೊತ್ತಿನ ಕೆಲಸ ಅದು, ಮೂರು ಅಂಕಿ ಬರೆಯುವುದು. ಅಷ್ಟಕ್ಕೇ ಅವನಿಗೆ ದಿನವಿಡೀ ದುಡಿದಷ್ಟು ದಣಿವಾಗುತ್ತಿತ್ತು.

ಮೊನ್ನೆಯೂ ಪೆನ್ನಿನ ಅಂಕಿ ಹಾಗೆಯೇ ಅಳಿಸಿಹೋಗಿದ್ದವು. ಕವಿತ ತವರಿಗೆ ಹೋಗಿದ್ದಳು. ಅಂಗಡಿಯಲ್ಲಿ ಗಿರಾಕಿಯ ಬೆನ್ನಿಗೆ ರೆಕ್ಕೆ ಬರೆಯುತ್ತಿದ್ದ ಗಂಗರಾಜು ಒಂದು ಗಳಿಗೆ ಒಳಗೆ ಇಣುಕಿದರೆ, ತೊಳೆದ ಪಾತ್ರೆಗಳು ಸಾಲಾಗಿ ಬೋರಲು ಬಿದ್ದಿದ್ದವು, ಹಿಂಬಾಗಿಲು ತೆಗೆದಿತ್ತು. ಗಿರಾಕಿಯನ್ನು ಅರ್ಧ ರೆಕ್ಕೆಯಲ್ಲೇ ಬಿಟ್ಟು ಬೈಕು ಹತ್ತಿದ. ಅರಳಿಕಟ್ಟೆ, ಮಾರ್ಕೆಟ್ಟು, ಅಂಬಾಜಿದುರ್ಗದ ದಾರಿ ಎಲ್ಲ ಸುತ್ತಿದ. ಕಂಡಕಂಡವರಿಗೆ ಫೋಟೋ ತೋರಿಸಿದ. ಏಳು ಅಂಕಿ ಇಟ್ಟುಕೊಂಡು ಅವಳು ಎಲ್ಲಿಗೆ ಹೋದರೂ ಯಾರೂ ತನಗೆ ಫೋನ್ ಮಾಡಲಾರರು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ದೇವರನ್ನು ನಂಬದವನು ಅಂದು ಯಾರಿಗೆಲ್ಲ ಕೈಮುಗಿದನೋ ಅವನಿಗೇ ನೆನಪಿಲ್ಲ.

ಸಿಕ್ಕಿದಳು. ಬಸ್ ಸ್ಟ್ಯಾಂಡಿನ ಕೊನೆಯ ಬೆಂಚಿನಲ್ಲಿ, ಹೂವು ಮಾರುವ ಓಬಳಮ್ಮನ ಪಕ್ಕದಲ್ಲಿ, ಕಾಲ ಮೇಲೆ ಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಗಂಗರಾಜು ಬೈಕನ್ನು ಹಾಗೆಯೇ ಬಿಟ್ಟು ಬಂದು ಅವಳ ಮುಂದೆ ಕುಕ್ಕರಿಸಿದ.

"ಬಾಮ್ಮ, ಮನೆಗೆ ಹೋಗಣ."

ಗಂಗುಲಮ್ಮ ಚೀಲವನ್ನು ಎದೆಗೆ ಒತ್ತಿಕೊಂಡಳು. "ಎವರು ನಾಯನಾ? ಯಾರಪ್ಪ ನೀನು? ಗುರುತಿಲ್ಲದೋರ ಜತೆ ನಾನು ಬರಲ್ಲಪ್ಪ."

"ನಾನಮ್ಮ. ನಿನ್ ಮಗ."

ಓಬಳಮ್ಮ ಹೂವು ಕಟ್ಟುವುದು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕೈತುಂಬ ಕುತ್ತಿಗೆತುಂಬ ಟ್ಯಾಟೂ ಇರುವ ಆಳನ್ನು ಯಾರು ತಾನೇ ಸುಲಭಕ್ಕೆ ನಂಬುತ್ತಾರೆ. "ಅಜ್ಜೀ, ಇವರು ನಿಮ್ಮ ಮಗನಾ?" ಎಂದು ಕೇಳಿದಳು.

ಗಂಗುಲಮ್ಮ ಕಣ್ಣು ಕಿರಿದು ಮಾಡಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. "ಅಲ್ಲಮ್ಮ," ಎಂದಳು. "ನನ್ ಮಗ ಚಿಕ್ಕೋನು. ಇವರ್ಯಾರೋ ಪಾಪ." ಆಮೇಲೆ ಅವನ ಮೇಲೆ ಕನಿಕರ ಬಂದವಳಂತೆ ಎಡಗೈಯ ಸೆರಗು ಸರಿಸಿ ಮುಂದೆ ಚಾಚಿದಳು. "ನೋಡಪ್ಪ, ನನ್ ಮಗನ ಫೋನು ಇಲ್ಲೈತೆ. ಯಾರ್ ಕರೆದ್ರೂ ಹೋಗ್ಬೇಡ, ಇದು ತೋರ್ಸು, ನಾನು ಬರ್ತೀನಿ ಅಂದವ್ನೆ. ಇದಕ್ಕೆ ಮಾಡು, ಬರ್ತಾನೆ."

ಅವನು ಹಾಗೆ ಹೇಳಿಯೇ ಇದ್ದ. ದಿನಾ ಬೆಳಿಗ್ಗೆ, ಪೆನ್ನು ಹಿಡಿದಾಗ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಿರಲಿಲ್ಲ.

ಓಬಳಮ್ಮ ಬಗ್ಗಿ ಅಂಕಿ ಎಣಿಸಿದಳು. "ಇದು ಪೂರ್ತಿ ಇಲ್ಲ ಅಜ್ಜೀ. ಇನ್ನ ಮೂರು ಬೇಕು."

"ಅವು ನನ್ ಮಗಂಗೆ ಗೊತ್ತು," ಎಂದಳು ಗಂಗುಲಮ್ಮ ಧೈರ್ಯವಾಗಿ. "ಅವನನ್ನೇ ಕೇಳಬೇಕು."

ಎಳೆದುಕೊಂಡು ಹೋದರೆ ಬಸ್ ಸ್ಟ್ಯಾಂಡೇ ಕೂಡುತ್ತದೆ, ಬಿಟ್ಟು ಹೋಗುವ ಮಾತಿಲ್ಲ. ಬೇರೇನೂ ತೋಚದೆ ಗಂಗರಾಜು ಜೇಬಿನಿಂದ ಫೋನು ತೆಗೆದು, ಅವಳ ಕೈಯನ್ನು ಹಿಡಿದು ನೋಡುತ್ತಾ ಏಳು ಅಂಕಿ ಒತ್ತಿದ. ಉಳಿದ ಮೂರನ್ನೂ ಒತ್ತಿದ. ಅವನ ಫೋನಿನಿಂದ ಅವನ ನಂಬರೇ. ಕಿವಿಗೆ ಹಿಡಿದ.

"ಎತ್ತಿದ್ನಾ?" ಎಂದಳು ತಾಯಿ.

"ಇಲ್ಲಮ್ಮ," ಎಂದ ಗಂಗರಾಜು. "ಬ್ಯುಸಿ ಬರ್ತೈತೆ."

"ಪಾಪ, ಕೆಲಸ ಜಾಸ್ತಿ ಅವನಿಗೆ," ಎಂದು ಗಂಗುಲಮ್ಮ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. "ಕೂತ್ಕೋಪ್ಪ. ಗಂಗರಾಜು ಅಂತ ಅವನ ಹೆಸರು. ಬಂದೇ ಬರ್ತಾನೆ."

ಗಂಗರಾಜು ಅವಳ ಪಕ್ಕದಲ್ಲಿ ಕೂತ. ಇಬ್ಬರೂ ಅವನಿಗಾಗಿ ಕಾದರು.